ಮಾಂಡೋವಿಯ ಹಡಗು, ಸಿಂಧನೂರಿನ ಲೆಕ್ಕ

ಭತ್ತ ಮಾರಿ ದಲಾಲಿ ಅಂಗಡಿಯ ಪಟ್ಟಿ ಕೈಗೆ ಬಂದ ವಾರದಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗೆಳೆಯರ ಗುಂಪು ಗೋವಾಕ್ಕೆ ಹೊರಡುವುದು ಹೊಸ ಮಾತಲ್ಲ. ಸಮುದ್ರ ನೋಡುವುದು ಒಂದು ನೆಪ, ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೊ ಹಡಗು ಇನ್ನೊಂದು. ಹೋಗಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹೊರಡುವ ಮುನ್ನ ಹೋಟೆಲ್ ಕಟ್ಟೆಯ ಮೇಲೆ ಓಡಾಡುವ ಮಾತುಗಳಲ್ಲಿ ಹಲವು ಸುಳ್ಳು, ಆ ಸುಳ್ಳುಗಳಿಗೆ ಬೆವರಿನ ದುಡ್ಡು ಹೋಗುತ್ತದೆ ಎಂಬುದೇ ನನ್ನ ಸಂಕಟ.

ಕಲ್ಪನೆ: “ಟಿಕೆಟ್ ತೊಗೊಂಡ್ರ ಊಟ ಪುಕ್ಕಟ, ಕುಡಿಯೋದು ಪುಕ್ಕಟ. ರಾತ್ರಿಯೆಲ್ಲಾ ಕುಂತ್ರ ಲಾಭನ.”

ಹಡಗಿನಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ನೀವು ಅಲ್ಲಿ ಕೂರುವ ಸಮಯ. ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗೆ ಅಂಕಿಗಳಿವೆ, ಜೊತೆಗೆ ಒಂದು ಸೊನ್ನೆ. ಅಂಕಿ ಹಿಡಿದು ಗೆದ್ದವನಿಗೆ ಕೊಡುವುದು ಸೊನ್ನೆ ಇಲ್ಲವೇನೋ ಎಂಬ ಲೆಕ್ಕದಲ್ಲಿ. ಆ ಒಂದು ಮನೆಯಿಂದಲೇ ಪಣದ ಮೊತ್ತದ ಶೇಕಡಾ 2.7 ಸರಾಸರಿಯಲ್ಲಿ ಕ್ಯಾಸಿನೊ ಪಾಲಾಗುತ್ತದೆ. ಚಕ್ರದಲ್ಲಿ ಎರಡು ಸೊನ್ನೆ ಇದ್ದರೆ ಅದು ಶೇಕಡಾ 5.26. ಆದ್ದರಿಂದ ಕುರ್ಚಿ ಎಳೆಯುವ ಮುನ್ನ ಸೊನ್ನೆ ಎಣಿಸಿ.

ಇಷ್ಟು ಸಣ್ಣ ಪಾಲಿನಲ್ಲಿ ಅಷ್ಟು ದೊಡ್ಡ ಹಡಗು ಹೇಗೆ ನಡೆಯುತ್ತದೆ ಎಂದು ಕೇಳುವವರು ಹಟ್ಟಿಯನ್ನು ನೆನೆಯಲಿ. ಲಿಂಗಸುಗೂರು ತಾಲೂಕಿನ ನಮ್ಮ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಗಣಿ ಬದುಕುವುದು ಟನ್ನುಗಳ ಮೇಲೆ. ಕ್ಯಾಸಿನೊದಲ್ಲಿ ಅದಿರು ಎಂದರೆ ನಿಮ್ಮ ಪಣಗಳು. ಸಲಕ್ಕೆ 500 ರೂಪಾಯಿಯಂತೆ ಗಂಟೆಗೆ 40 ಸಲ ಕಟ್ಟಿದರೆ 20,000 ರೂಪಾಯಿ ಮೇಜಿನ ಮೇಲೆ ಸುತ್ತಿದಂತೆ. ಎರಡು ಸೊನ್ನೆಯ ಚಕ್ರದಲ್ಲಿ ಅದರ ಸರಾಸರಿ ನಷ್ಟ ಗಂಟೆಗೆ ಸುಮಾರು 1,050 ರೂಪಾಯಿ. ಎಂಟು ತಾಸು ಕೂತವನು “ಪುಕ್ಕಟೆ” ಊಟಕ್ಕೆ ಕೊಟ್ಟದ್ದೆಷ್ಟು ಎಂದು ಗುಣಿಸಿ ನೋಡಿ. ಆ ರಾತ್ರಿ ಗೆದ್ದು ಬರುವವರೂ ಇರುತ್ತಾರೆ, ಸರಾಸರಿ ಮಾತ್ರ ಬದಲಾಗುವುದಿಲ್ಲ.

ಕಲ್ಪನೆ: “ಅಂದರ್ ಬಾಹರ್ ನಮ್ಮದೇ ಆಟ. ಅದರಾಗ ಯಾರೂ ನಮಗ ಮೋಸ ಮಾಡಾಕ ಆಗಂಗಿಲ್ಲ.”

ಮೋಸ ಮಾಡಬೇಕಾಗಿಯೇ ಇಲ್ಲ. ಮೊದಲ ಎಲೆ ಬೀಳುವ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇಕಡಾ 51.5, ಇನ್ನೊಂದು ಕಡೆಗೆ 48.5. ಊರ ಆಟದಲ್ಲಿ ಈ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ಯಾಸಿನೊ ಹಿಡಿಯುತ್ತದೆ: ಹೆಚ್ಚು ಗೆಲ್ಲುವ ಕಡೆಗೆ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತನ್ನೇ ಕೊಡುತ್ತದೆ. ನೂರು ರೂಪಾಯಿಯ ನೂರು ಆಟಕ್ಕೆ ಆ ಕಡೆ ಸರಾಸರಿ 215 ರೂಪಾಯಿ ಹೋಗುತ್ತದೆ, ಇನ್ನೊಂದು ಕಡೆ 300. ಎಲ್ಲವೂ ನಿಯಮದಂತೆಯೇ ನಡೆದಿರುತ್ತದೆ.

ಇದೇ ಎಲೆಗಳನ್ನು ಮಸ್ಕಿಯ ಯಾವುದೋ ಹೊಲದ ಬೇವಿನ ಮರದ ಕೆಳಗೆ ಹರಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ, 1996ರ ತಿದ್ದುಪಡಿಯಿಂದ ಹಡಗುಗಳಲ್ಲಿ ಮೇಜಿನ ಆಟಕ್ಕೆ ಅವಕಾಶ ಮಾಡಿಕೊಟ್ಟರು. ಅಲ್ಲಿನ ಕಾನೂನು ಗಡಿ ದಾಟಿ ಇಲ್ಲಿಗೆ ಬರುವುದಿಲ್ಲ.

ಕಲ್ಪನೆ: “ಗೋವಾದವರು ದಿನಾ ಆಡಿ ಬದುಕ್ತಾರ.”

ಅವರಿಗೆ ಒಳಗೆ ಪ್ರವೇಶವೇ ಇಲ್ಲ. 2020ರ ಫೆಬ್ರುವರಿ 1ರಿಂದ ಅಲ್ಲಿನ ನಿವಾಸಿಗಳನ್ನು ಕ್ಯಾಸಿನೊಗಳಿಗೆ ಬಿಡುತ್ತಿಲ್ಲ. ಜಗತ್ತಿನ ಹೆಸರಾಂತ ಕ್ಯಾಸಿನೊ ಇರುವ ಮೊನಾಕೊ ಕೂಡ ತನ್ನ ಪ್ರಜೆಗಳಿಗೆ ಜೂಜಾಡಲು ಬಿಡುವುದಿಲ್ಲ. 21 ವರ್ಷ ತುಂಬದ ಹುಡುಗರಿಗೂ ಹಡಗಿನ ಆಟದ ಕೋಣೆಗೆ ಪ್ರವೇಶವಿಲ್ಲ. ಮನೆಮಂದಿಯ ಜೊತೆ ಹೋಗುವವರು ಇದನ್ನು ಊರಲ್ಲೇ ತಿಳಿದುಕೊಂಡರೆ ಜೆಟ್ಟಿಯ ಬಳಿ ಒಂದು ಸಂಜೆ ಹಾಳಾಗುವುದು ತಪ್ಪುತ್ತದೆ.

ಕಲ್ಪನೆ: “ಒಮ್ಮೆಲೇ ಐವತ್ತು ಸಾವಿರದ ಚಿಪ್ಸ್ ತೊಗೊಂಡುಬಿಡು, ಉಳಿದದ್ದು ವಾಪಸ್ ಕೊಟ್ರಾತು.”

ದುಡ್ಡು ಉಳಿಸಬೇಕೆನ್ನುವವರು ಮುಂದಿನ ಸಾಲುಗಳನ್ನು ಎರಡು ಸಲ ಓದಲಿ. 2023ರ ಅಕ್ಟೋಬರ್ 1ರಿಂದ ಚಿಪ್ಸ್, ಅಂದರೆ ಪಣ ಕಟ್ಟುವ ಬಿಲ್ಲೆ, ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ ಜಿಎಸ್‌ಟಿ ಬೀಳುತ್ತದೆ. ಆಗ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40. ಆಡದೆ ಉಳಿದ ಚಿಪ್ಸ್ ಹಿಂದಿರುಗಿಸಿದರೂ ಆ ತೆರಿಗೆಯ ಲೆಕ್ಕದಿಂದ ಅದನ್ನು ಕಳೆಯುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಗೆದ್ದ ಚಿಪ್ಸ್ ಅಲ್ಲೇ ಮತ್ತೆ ಆಡಿದರೆ ಹೊಸ ತೆರಿಗೆ ಇಲ್ಲ. ಹಾಗಾಗಿ ಬೇಕಾದಷ್ಟನ್ನೇ ಸ್ವಲ್ಪ ಸ್ವಲ್ಪವಾಗಿ ಕೊಳ್ಳಿ. ಪ್ಯಾಕೇಜಿನ ಜೊತೆ ಕೊಡುವ ಕೂಪನ್ನು ನಗದಾಗುತ್ತದೋ, ಒಮ್ಮೆ ಆಡಿದರೆ ಮುಗಿಯಿತೋ ಎಂದು ಕೌಂಟರಿನಲ್ಲೇ ಕೇಳಿ. ಟಿಕೆಟ್ ದರ ವಾರಾಂತ್ಯದಲ್ಲಿ ಏರುತ್ತದೆ. ಒಕ್ಕಲುತನದವರಿಗೆ ಮಂಗಳವಾರವೂ ಒಂದೇ, ಶನಿವಾರವೂ ಒಂದೇ.

ಕಲ್ಪನೆ: “ರೈತರಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಗೆದ್ದದ್ದೆಲ್ಲಾ ನಮ್ಮದು.”

ವಿನಾಯಿತಿ ಇರುವುದು ಬೆಳೆಗೆ. ಜೂಜಿನ ಗೆಲುವಿಗೆ ನೇರ ಶೇಕಡಾ 30 ತೆರಿಗೆ, ಅದರ ಮೇಲೆ ಸೆಸ್. ವರ್ಷದ ಆದಾಯ ಎಷ್ಟೇ ಕಡಿಮೆ ಇರಲಿ, ಇದು ತಪ್ಪದು. ಮೊದಲ ದಿನ ಸೋತದ್ದನ್ನು ಎರಡನೆಯ ದಿನ ಗೆದ್ದದ್ದರಲ್ಲಿ ಕಳೆಯುವಂತಿಲ್ಲ, ಕಾರಿನ ಡೀಸೆಲ್ಲನ್ನೂ ಕಳೆಯುವಂತಿಲ್ಲ.

ಕಲ್ಪನೆ: “ಏಳು ಸಲ ಕೆಂಪು ಬಂತು, ಈಗ ಕಪ್ಪು ಬರಲೇಬೇಕು.”

1913ರ ಆಗಸ್ಟ್ 18ರಂದು ಮೊನಾಕೊದ ಮಾಂಟೆ ಕಾರ್ಲೋ ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪೇ ಬಂತು. ಇನ್ನು ಕೆಂಪೇ ಎಂದು ಪಣ ಏರಿಸುತ್ತಾ ಹೋದವರು ಅಪಾರ ಹಣ ಕಳೆದುಕೊಂಡರು. ಚಕ್ರಕ್ಕೆ ಹಿಂದಿನ ಸುತ್ತು ನೆನಪಿರುವುದಿಲ್ಲ.

ಕಲ್ಪನೆ: “ಅಷ್ಟು ದೂರ ಯಾಕ, ಮೊಬೈಲ್‌ದಾಗ ಆಡಿದ್ರ ದಾರಿ ಖರ್ಚು ಉಳೀತು.”

ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇನ್ನೂ ಆ್ಯಪ್ ತೋರಿಸಿ ಕರೆಯುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಕಲ್ಪನೆ: “ಕಾರು ಬಿಟ್ರ ಬೇರೆ ದಾರಿನೇ ಇಲ್ಲ.”

ಮೊದಲು ಇದು ಸುಮಾರಾಗಿ ನಿಜವೇ ಆಗಿತ್ತು. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂತು, ಹುಬ್ಬಳ್ಳಿಗೆ ನೇರ ಸಂಪರ್ಕ ಸಿಕ್ಕಿತು. 2025ರ ಮೇನಲ್ಲಿ ಕುಷ್ಟಗಿಗೂ ಬಂತು, ಅದು ಲಿಂಗಸುಗೂರಿನವರಿಗೆ ಹತ್ತಿರ. ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ದಿನವೂ ಇಲ್ಲ. ದಿನ ನೋಡಿಕೊಂಡು ಹೊರಡಬೇಕು. ನಾಲ್ಕು ಜನ ತುಂಬಿದ ಕಾರು ಖರ್ಚಿನಲ್ಲಿ ಹೆಚ್ಚೇನೂ ಹಿಂದೆ ಬೀಳದು, ಆದರೆ ಹಡಗಿನಲ್ಲಿ ಕುಡಿದು ನಿದ್ದೆಗೆಟ್ಟವನು ಮರುದಿನ ಅನಮೋಡ ಘಾಟಿನಲ್ಲಿ ಸ್ಟಿಯರಿಂಗ್ ಹಿಡಿಯುವುದು ನನಗೆ ಭಯ ಹುಟ್ಟಿಸುತ್ತದೆ. ಆ ಘಾಟಿನ ಚೆಕ್‌ಪೋಸ್ಟಿನಲ್ಲಿ ಪರ್ಮಿಟ್ ಇಲ್ಲದ ಗೋವಾ ಬಾಟಲಿ ಸಿಕ್ಕರೆ ಅಬಕಾರಿ ಕೇಸು ಬೇರೆ.

ಮರಳುವಾಗ ವಾಸ್ಕೋದಿಂದ ಬೆಳಗ್ಗೆ ಹೊರಡುವ ರೈಲುಗಾಡಿ ಕುಳೆಮ್ ದಾಟಿ, 37 ಅಡಿಗೆ ಒಂದಡಿ ಏರುವ ಘಟ್ಟವನ್ನು ನಿಧಾನಕ್ಕೆ ಹತ್ತುತ್ತದೆ. ದೂಧಸಾಗರ ಜಲಪಾತದ ನೀರು ಕಿಟಕಿಯ ಪಕ್ಕದಲ್ಲೇ ಧುಮುಕುತ್ತದೆ. ಅದಕ್ಕೆ ಬೇರೆ ಟಿಕೆಟ್ ಇಲ್ಲ.