ಹಿಮಾಲಯ ದಾಟಿ ಬರುವ ಹೆಬ್ಬಾತು

ಮಕ್ಕಳೇ, ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿ ಬೆಟ್ಟವನ್ನು ನೋಡಿದ್ದೀರಾ? ಅದರ ತುದಿ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಅಂಥ ಐದು ಎತ್ತರಗಳನ್ನು ಒಂದರ ಮೇಲೊಂದು ಇಟ್ಟರೆ 7,000 ಮೀಟರ್! ಅಷ್ಟು ಎತ್ತರದಲ್ಲೂ ಹಾರಬಲ್ಲ ಹಕ್ಕಿಯೊಂದು ಪ್ರತಿ ಚಳಿಗಾಲದಲ್ಲಿ ನಮ್ಮ ರಾಜ್ಯಕ್ಕೆ ಬರುತ್ತದೆ. ಅದೇ ಪಟ್ಟೆತಲೆ ಹೆಬ್ಬಾತು.

ಇದರ ಮೈ ಬೂದು ಬಣ್ಣ. ಕೊಕ್ಕು ಮತ್ತು ಕಾಲುಗಳು ಹಳದಿ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿವೆ. ಹೆಸರು ಬಂದದ್ದು ಇವುಗಳಿಂದಲೇ.

ಏಕೆ ಬರುತ್ತವೆ?

ಬೇಸಿಗೆಯಲ್ಲಿ ಇವು ಮಂಗೋಲಿಯಾ, ಟಿಬೆಟ್ ಮತ್ತು ಲಡಾಖ್‌ನ ಸರೋವರಗಳ ಬಳಿ ಮರಿ ಮಾಡುತ್ತವೆ. ಚಳಿಗಾಲದಲ್ಲಿ ಅಲ್ಲಿನ ನೀರು ಹೆಪ್ಪುಗಟ್ಟುತ್ತದೆ. ಮೇಯಲು ಹುಲ್ಲು ಸಿಗುವುದಿಲ್ಲ. ಆಗ ಮರಿಗಳೊಂದಿಗೆ ದಕ್ಷಿಣಕ್ಕೆ ಹೊರಡುತ್ತವೆ. ಇದೇ ವಲಸೆ.

ಹೇಗೆ ಹಾರುತ್ತವೆ?

7,000 ಮೀಟರ್ ಎತ್ತರದಲ್ಲಿ ಉಸಿರಾಟಕ್ಕೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತಲೂ ಕಡಿಮೆ. ಆದರೆ ಈ ಹಕ್ಕಿಯ ರಕ್ತದಲ್ಲಿರುವ ಹೀಮೋಗ್ಲೋಬಿನ್ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಇದರ ಶ್ವಾಸಕೋಶವೂ ದೊಡ್ಡದು. ವಿಜ್ಞಾನಿಗಳು ಹಕ್ಕಿಗಳಿಗೆ ಪುಟ್ಟ ಉಪಕರಣ ಅಳವಡಿಸಿ ಇನ್ನೊಂದು ಗುಟ್ಟನ್ನೂ ಕಂಡುಕೊಂಡರು. ಇವು ಸದಾ ಒಂದೇ ಎತ್ತರದಲ್ಲಿ ಹಾರುವುದಿಲ್ಲ. ಬೆಟ್ಟ ಬಂದಾಗ ಏರಿ, ಕಣಿವೆ ಬಂದಾಗ ಇಳಿಯುತ್ತವೆ. ತೆಳು ಗಾಳಿಯಲ್ಲಿ ಹಾರಲು ಹೆಚ್ಚು ಶ್ರಮ ಬೇಕು. ಕೆಳಗಿಳಿದರೆ ಶಕ್ತಿ ಉಳಿಯುತ್ತದೆ.

ಎಲ್ಲಿ ನೋಡಬಹುದು?

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇವುಗಳಿಗೆ ಪ್ರಸಿದ್ಧ. ನವೆಂಬರ್ ಹೊತ್ತಿಗೆ ಬರತೊಡಗುತ್ತವೆ. ಮೊದಲು ದೂರದಿಂದ ಕೂಗು ಕೇಳುತ್ತದೆ. ಆಮೇಲೆ ಆಕಾಶದಲ್ಲಿ ಬಾಣದ ಮೊನೆಯಂಥ ಸಾಲು ಕಾಣುತ್ತದೆ. ಕೆರೆಯ ಮೇಲೆ ಸುತ್ತು ಹಾಕಿ, ಕಾಲು ಮುಂದೆ ಚಾಚಿ ನೀರಿಗಿಳಿಯುತ್ತವೆ. ಹಗಲು ಕೆರೆಯಲ್ಲಿ ವಿಶ್ರಮಿಸಿ, ಸಂಜೆ ಹೊಲಗಳಿಗೆ ಮೇಯಲು ಹೋಗುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣವಾಯಿತು. ಅಂದರೆ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಹತ್ತಿರ ಹೋಗಬಹುದೇ?

ಬೇಡ! ಇಲ್ಲಿ ತಿಂದದ್ದು ಕೊಬ್ಬಾಗಿ ಅವುಗಳ ಮೈಯಲ್ಲಿ ಸೇರುತ್ತದೆ. ಮಾರ್ಚ್ ಹೊತ್ತಿಗೆ ಹಿಂದಿರುಗುವಾಗ ಆ ಕೊಬ್ಬೇ ದಾರಿಯ ಬುತ್ತಿ. ನಾವು ಕೂಗಿದರೆ, ಕಲ್ಲೆಸೆದರೆ ಇಡೀ ಹಿಂಡು ಹೆದರಿ ಮೇಲೇಳುತ್ತದೆ. ಹಾಗೆ ಎದ್ದಾಗಲೆಲ್ಲ ಬುತ್ತಿಯ ಒಂದು ತುತ್ತು ಕರಗುತ್ತದೆ. ಬುತ್ತಿ ಕಡಿಮೆಯಾದರೆ ಹಿಮಾಲಯ ದಾಟುವುದು ಹೇಗೆ?

ನೀವೂ ಮಾಡಿ

ಈ ಚಳಿಗಾಲ ಹಿರಿಯರೊಂದಿಗೆ ನಿಮ್ಮೂರಿನ ಕೆರೆಗೆ ಹೋಗಿ. ದೂರದಲ್ಲಿ ಸದ್ದಿಲ್ಲದೆ ಕುಳಿತು ನೋಡಿ. ಯಾವ ಹಕ್ಕಿ, ಎಷ್ಟು, ಯಾವ ದಿನ ಬಂತು ಎಂದು ಬರೆದಿಡಿ. ಮುಂದಿನ ವರ್ಷವೂ ಬರೆದು ಹೋಲಿಸಿ. ದೂರದಿಂದ ಬಂದ ಅತಿಥಿಗಳ ಲೆಕ್ಕ ನಿಮ್ಮ ಪುಸ್ತಕದಲ್ಲಿರಲಿ!