ಹದಿಮೂರರಲ್ಲಿ ಐದು ಹೋದರೆ?

ಪ್ರಶ್ನೆ: ಮಗಳ ಮಾಂಟೆಸರಿಯಲ್ಲಿ ಕಳೆಯುವ ಲೆಕ್ಕಕ್ಕೆ ಮರದ ಹಲಗೆ ಕೊಡುತ್ತಾರೆ. ಬಾಯಿಪಾಠ ಮಾಡಿಸಿದರೆ ಸಾಲದೇ?
– ಓದುಗರು, ಬಸವೇಶ್ವರನಗರ

ಉತ್ತರ: ಹಲಗೆಯ ಮೇಲ್ಸಾಲಿನಲ್ಲಿ 1ರಿಂದ 18 ಇರುತ್ತದೆ. 13–5 ಮಾಡಬೇಕೆನ್ನಿ. ಮಗಳು 14ರಿಂದ 18ರವರೆಗೆ ಬಣ್ಣವಿಲ್ಲದ ಪಟ್ಟಿ ಇಟ್ಟು ಮುಚ್ಚುತ್ತಾಳೆ. ಅದಕ್ಕೆ ತಾಗಿಸಿ ಐದು ಚೌಕದ ನೀಲಿ ಪಟ್ಟಿ ಇಡುತ್ತಾಳೆ. 13ರಿಂದ 9ರವರೆಗೂ ಮುಚ್ಚಿಹೋಗುತ್ತದೆ. ಕೊನೆಗೆ ಕಾಣುವುದು 8. ಅದೇ ಉತ್ತರ! ‘ಕಳೆಯುವುದು’ ಕೈಗೆ ಸಿಕ್ಕಿತಲ್ಲ. ಹೀಗೆ ಹತ್ತಾರು ಸಲ ಇಟ್ಟ ಮೇಲೆ ಬಾಯಿಪಾಠ ತಾನಾಗಿ ಬರುತ್ತದೆ. ನಡುವೆ ಬೆರಳು ಎಣಿಸಿದರೆ ಗದರಬೇಡಿ, ನಾವೂ ತರಕಾರಿ ಅಂಗಡಿಯಲ್ಲಿ ಎಣಿಸುತ್ತೇವೆ. ಮನೆಯಲ್ಲೂ ಮಾಡಿಸಲು ದುಬಾರಿ ಹಲಗೆ ಕೊಳ್ಳಬೇಕಿಲ್ಲ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಪಟ್ಟಿ ಮಾಡಿ. ಚೌಕಗಳ ಅಳತೆ ಮಾತ್ರ ಒಂದೇ ಇರಲಿ.