ಮೂರು ಮಳಿಗೆ, ಒಂದು ಮೀಟರು

1902ನೆಯ ಇಸವಿಯಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಹರಿದು ಬಂದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡುದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಆ ಗಣಿಗಳು 2001ನೆಯ ಫೆಬ್ರವರಿ ಕಡೆಯಲ್ಲಿ ಮುಚ್ಚಿದುವು. ಗಣಿಯ ಸಂಬಳ ನಿಂತ ಮೇಲೆ, ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಬಾಡಿಗೆಯ ಮಳಿಗೆಯೊಂದನ್ನೇ ನಂಬಿದ ಸಂಸಾರಕ್ಕೆ ತಿಂಗಳ ವಿದ್ಯುತ್ ಬಿಲ್ಲು ಅಲ್ಪ ವಿಷಯವಲ್ಲ. 2023ರಲ್ಲಿ ಪ್ರಾರಂಭವಾದ ಗೃಹಜ್ಯೋತಿಯ ಅನುಕೂಲವು ಮನೆಗಳಿಗೇ ಹೊರತು ಅಂಗಡಿಗಳಿಗಿಲ್ಲ.

ಒಂದು ಕಟ್ಟಡದಲ್ಲಿ ಮೂರು ಮಳಿಗೆಗಳಿದ್ದು, ಮೀಟರು ಒಂದೇ ಇದೆಯೆಂದು ಭಾವಿಸೋಣ. ಒಂದರಲ್ಲಿ ಹೊಲಿಗೆಯಂತ್ರ, ಇನ್ನೊಂದರಲ್ಲಿ ತಂಪು ಪಾನೀಯ, ಮತ್ತೊಂದರಲ್ಲಿ ಪುಸ್ತಕ. ತಿಂಗಳಿಗೆ ಒಟ್ಟು 310 ಯೂನಿಟ್ಟು. ಮಾಲೀಕರು ಸಮನಾಗಿ ಹಂಚಿದರೆ ತಲೆಗೆ 103 ಯೂನಿಟ್ಟಿನ ಹಣ ಬೀಳುವುದು. ಆದರೆ ಹೊಲಿಗೆಯವಳು ಉಪಯೋಗಿಸಿದುದು 60, ಹಗಲಿರುಳೂ ಪೆಟ್ಟಿಗೆಯನ್ನು ತಂಪಾಗಿಡುವ ನೆರೆಯವನು 180, ಪುಸ್ತಕದಂಗಡಿಯವನು 50. ಉಳಿದ 20 ಮೆಟ್ಟಿಲ ದೀಪಕ್ಕೂ ನೀರಿನ ಪಂಪಿಗೂ ಆದುದು. ಈ 20ರಲ್ಲಿ ಮೂರನೆಯ ಒಂದು ಪಾಲನ್ನು ಸೇರಿಸಿಕೊಂಡರೂ ಅವಳ ಲೆಕ್ಕ 67ನ್ನು ಮೀರದು. ಮಿಕ್ಕ 36 ಯೂನಿಟ್ಟಿನ ಹಣವನ್ನು ಅವಳು ಪ್ರತಿ ತಿಂಗಳೂ ನೆರೆಯವನ ಪರವಾಗಿ ತೆರುತ್ತಿರುವಳು!

ಇದಕ್ಕೆ ಉತ್ತಮವಾದ ಪರಿಹಾರವೆಂದರೆ ಮಳಿಗೆಗೊಂದು ಪ್ರತ್ಯೇಕ ಸಂಪರ್ಕ. ಅದು ಸಾಧ್ಯವಾಗದಿದ್ದರೆ ಒಳಮೀಟರುಗಳನ್ನು ಹಾಕಿಸಬೇಕು. ಮುಖ್ಯ ಮೀಟರನ್ನು ಓದಿದ ದಿನವೇ ಇವನ್ನೂ ಎಲ್ಲರೆದುರಿನಲ್ಲಿ ಓದಿ ಪುಸ್ತಕದಲ್ಲಿ ಬರೆದಿಡಬೇಕು. ಬಿಲ್ಲಿನಲ್ಲಿ ಎರಡು ಭಾಗಗಳುಂಟೆಂಬುದನ್ನೂ ಮರೆಯಬಾರದು. ಯೂನಿಟ್ಟಿನ ಹಣವು ಬಳಕೆಗೆ ತಕ್ಕಂತೆ ಏರಿಳಿಯುವುದು. ನಿಗದಿತ ಶುಲ್ಕವಾದರೋ ಮಂಜೂರಾದ ಲೋಡಿಗೆ ಸಂಬಂಧಿಸಿದುದಾದ್ದರಿಂದ ಅಂಗಡಿಯ ಬಾಗಿಲು ಹಾಕಿದ್ದರೂ ತಪ್ಪದು. ಇದನ್ನು ಹಂಚುವ ರೀತಿಯನ್ನು ಬಾಡಿಗೆಯ ಕರಾರಿನಲ್ಲಿಯೇ ಬರೆಯಿಸಿಕೊಳ್ಳುವುದು ವಿವೇಕ. ಲೋಡು ಅಗತ್ಯಕ್ಕಿಂತ ಹೆಚ್ಚಾಗಿದ್ದರೆ, ಅದನ್ನು ಇಳಿಸುವಂತೆ ಮಾಲೀಕರ ಮೂಲಕ ಬೆಸ್ಕಾಂ ಕಚೇರಿಗೆ ಅರ್ಜಿ ಕೊಡಬಹುದು.

ಇನ್ನು ಮಿತವ್ಯಯದ ಮಾತು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಹತ್ತು ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್ಟು. ಅದೇ ಕೆಲಸವನ್ನು ಮಾಡುವ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಮೂರು ಯೂನಿಟ್ಟೂ ಬೇಡ. ತಂಪುಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡದೆ, ಬಿಸಿಲಿಗೆ ಒಡ್ಡದೆ, ಬಾಗಿಲಿನ ರಬ್ಬರು ಸಡಿಲವಾಗದಂತೆ ನೋಡಿಕೊಂಡರೆ ಅದರ ಬಳಕೆಯೂ ತಗ್ಗುವುದು. ಆದರೆ ಬಿಲ್ಲನ್ನು ಸಮನಾಗಿ ಹಂಚುವ ಕಡೆ ಉಳಿಸಿದವನಿಗೆ ಉಳಿತಾಯದ ಫಲ ಪೂರ್ತಿಯಾಗಿ ದೊರೆಯುವುದಿಲ್ಲ. ಆದುದರಿಂದ ಮೊದಲು ಅಳತೆ, ಆಮೇಲೆ ಉಳಿತಾಯ.

ಮಾಲೀಕರಿಗೂ ಒಂದು ಮಾತು. ತಾವು ತೆತ್ತ ದರಕ್ಕಿಂತ ಹೆಚ್ಚನ್ನು ಕೇಳದೆ, ಮೂಲ ಬಿಲ್ಲನ್ನು ಬಾಡಿಗೆದಾರರ ಕಣ್ಣಿಗೆ ಬೀಳುವಂತೆ ಇಡಿರಿ. ಲೆಕ್ಕ ಸ್ಪಷ್ಟವಾಗಿದ್ದಲ್ಲಿ ಮನಸ್ತಾಪಕ್ಕೆ ಎಡೆಯಿಲ್ಲ. ಒಳ್ಳೆಯ ಬಾಡಿಗೆದಾರರು ಮಳಿಗೆಯನ್ನು ಬಿಟ್ಟು ಹೋಗುವುದೂ ಇಲ್ಲ.